ಮೂರನೆಯ ಪ್ರತಿ

ಆ ಮನೆಯಲ್ಲಿ ಫ್ರಿಜ್ಜು ಕೆಟ್ಟರೆ ವಾರ ಕಳೆದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಾಲು ಒಡೆಯುತ್ತಿತ್ತು, ಸೊಸೆ ಗೊಣಗುತ್ತಿದ್ದಳು, ಅಷ್ಟೆ. ಆದರೆ ಅಡುಗೆಮನೆ ಪಕ್ಕದ ಉಗ್ರಾಣದಲ್ಲಿ, ಅಕ್ಕಿ ಡ್ರಮ್ಮಿನ ಮೇಲಿನ ಹಲಗೆಯಲ್ಲಿ ಕೂತಿದ್ದ ಕಪ್ಪು ಡಬ್ಬಿಯ ಹಸಿರು ದೀಪ ಒಮ್ಮೆ ಕೆಂಪಾದರೆ ಸಾಕು, ಮಾವ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಎದ್ದು ಓಡುತ್ತಿದ್ದರು. "ಹೆತ್ತ ಮಕ್ಕಳಿಗೆ ಜ್ವರ ಬಂದಾಗ ಈ ಮನುಷ್ಯ ಹೀಗೆ ಎದ್ದಿದ್ದು ನಾ ಕಾಣೆ," ಅನ್ನುತ್ತಿದ್ದರು ಅತ್ತೆ.

ಮಾವನಿಗೆ ಊರಲ್ಲೆಲ್ಲ ಆಪರೇಟರ್ ಎಂದೇ ಹೆಸರು. ಸ್ಟೇಷನ್ ರಸ್ತೆಯ ಥಿಯೇಟರಿನಲ್ಲಿ ಪ್ರೊಜೆಕ್ಟರಿನ ಹಿಂದೆ ನಿಂತು ಆಯುಷ್ಯವೆಲ್ಲ ಊರಿಗೆ ಸಿನಿಮಾ ತೋರಿಸಿದವರು. ಥಿಯೇಟರು ಮುಚ್ಚಿದಾಗ ಹೊರೆಗಟ್ಟಲೆ ಕ್ಯಾಸೆಟ್ಟು, ಸಿ.ಡಿ., ತುಂಡು ಫಿಲ್ಮು ಹೊತ್ತುಕೊಂಡು ಮನೆಗೆ ಬಂದರು. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಡಬ್ಬಿಗೆ ತುಂಬುವುದೇ ಅಲ್ಲಿಂದಾಚೆಗೆ ಅವರ ಕೆಲಸವಾಯಿತು. ಡಬ್ಬಿಯೊಳಗೆ ಸಾಲಾಗಿ ಎಲ್ಲ ಕೂಡಿಡುವ ಕಂಪ್ಯೂಟರ್ ಡಿಸ್ಕುಗಳು. ಸಿನಿಮಾ, ಹಳೆಯ ಜಾಹೀರಾತು, ಇಂಟರ್‌ವಲ್ಲಿನಲ್ಲಿ ತೋರಿಸುತ್ತಿದ್ದ ಸ್ಲೈಡು, ಮಗನ ಮದುವೆ, ಮೊಮ್ಮಗಳ ಮೊದಲ ಹೆಜ್ಜೆ, ಎಲ್ಲವೂ ಅದರಲ್ಲೇ. ಜಾಗ ಸಾಲದಾದಾಗಲೆಲ್ಲ ಅತ್ತೆಯ ಪಿಂಚಣಿಯಲ್ಲಿ ಹೊಸ ಡಿಸ್ಕು ಬರುತ್ತಿತ್ತು. ಅತ್ತೆ ಬೈಯುತ್ತಲೇ ಕೊಡುತ್ತಿದ್ದರು.

ಬೈಗುಳ ಅತ್ತೆಗೆ ಉಸಿರಾಟದಷ್ಟೇ ಸಲೀಸು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಮೈಕಿನಲ್ಲಿ ಕೂಗುವ ಕೆಲಸ ಅವರದಾಗಿತ್ತು. ಜನ ಅವರನ್ನು ಮೈಕಮ್ಮ ಎಂದೇ ಕರೆಯುತ್ತಿದ್ದರು. ಅವರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಇನ್ನೊಬ್ಬಳು ಬರಲಿಲ್ಲ, ಕಂಪ್ಯೂಟರಿನ ದನಿ ಬಂತು. ಅತ್ತೆ ಅದನ್ನು ಒಂದು ಸಲ ಕೇಳಿ ಬಂದು, "ಅದೇನು ಬಸ್ಸು ಕರೀತಿದ್ಯೋ, ಹೆಣ ಎತ್ತೋಕೆ ಕರೀತಿದ್ಯೋ," ಅಂದಿದ್ದರು.

ಆ ಗಂಟಲು ಚಳಿಗಾಲ ಮುಗಿಯುವ ಹೊತ್ತಿಗೆ ಕರಕರ ಅನ್ನತೊಡಗಿತು. ಶೀತ ಅಂದರು, ಉಪ್ಪುನೀರು ಮುಕ್ಕಳಿಸಿದರು, ಸೊಸೆ ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಸಿರಪ್ಪು ತಂದಳು. ಕಡೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ನೋಡಿ, ಗಡ್ಡೆ ಬೆಳೆದಿದೆ, ಗಂಟಲಿನ ಮಾತಾಡುವ ಭಾಗವನ್ನೇ ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದರು. ಆಟೋದಲ್ಲಿ ಬರುವಾಗ ಅತ್ತೆ ಡ್ರೈವರನಿಗೆ ಮೂರು ಸಲ ದಾರಿ ಹೇಳಿದರು. ದಾರಿ ಅವನಿಗೆ ಗೊತ್ತಿತ್ತು.

ಉಪಾಯ ಹೇಳಿಕೊಟ್ಟವಳು ಆಸ್ಪತ್ರೆಯಲ್ಲಿ ರೋಗಿಗಳಿಗೆ ಮಾತು ಕಲಿಸುವ ಹೆಂಗಸು. ಮನೆಯವರೆಲ್ಲ ಅವಳನ್ನು ಸ್ಪೀಚ್ ಮೇಡಂ ಎಂದು ಕರೆಯುತ್ತಿದ್ದರು. "ಆಪರೇಷನ್ನಿಗೆ ಇನ್ನೂ ಟೈಮಿದೆ ಅಮ್ಮಾ. ದಿನಾ ಏನೇನು ಮಾತಾಡ್ತೀರೋ ಅದನ್ನೆಲ್ಲ ಈಗಲೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಗಾಯ ಮಾಗಿದಮೇಲೆ ಒಂದು ಟ್ಯಾಬಿನಲ್ಲಿ ಹಾಕಿಕೊಡ್ತೀನಿ. ಬೇಕಾದ ಚಿತ್ರ ಮುಟ್ಟಿದ್ರೆ ನಿಮ್ಮ ದನಿಯಲ್ಲೇ ಮಾತಾಡುತ್ತೆ."

"ಇಲ್ಲದಿದ್ರೆ?" ಅತ್ತೆ ಕೇಳಿದರು.

"ಇಲ್ಲದಿದ್ರೆ ಕಂಪ್ಯೂಟರ್ ದನಿ ಇದ್ದೇ ಇದೆ."

"ಅದೊಂದು ಬೇಡ," ಎಂದರು ಅತ್ತೆ.

ಮೇಡಂ ಕೊಟ್ಟ ರೆಕಾರ್ಡರು ಬೆಂಕಿಪೊಟ್ಟಣದಷ್ಟಿತ್ತು. ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಫ್ಯಾನು ನಿಲ್ಲಿಸಿ, ಅತ್ತೆ ಮಂಚದ ಮೇಲೆ, ಸೊಸೆ ಸ್ಟೂಲಿನ ಮೇಲೆ ಕೂತು ಕೆಲಸ ಶುರುಮಾಡಿದರು. ಸೊಸೆ ಅಂಗಡಿಯಿಂದ ಊಟಕ್ಕೆ ಬಂದ ಹೊತ್ತಿನಲ್ಲಿ ದಿನವೂ ಅಷ್ಟಷ್ಟು.

"ನೀರು ಕೊಡು. ಊಟ ಆಯ್ತಾ? ಬಾಗಿಲು ಹಾಕಿದ್ಯಾ? ಬೆನ್ನು ನೋಯ್ತಿದೆ," ಎಂದು ಹೇಳಿಕೊಂಡು ಹೋದ ಅತ್ತೆ ಮೊದಲ ದಿನವೇ ನಿಲ್ಲಿಸಿ ಸೊಸೆಯ ಮುಖ ನೋಡಿದರು. "ಇಷ್ಟೇನಾ ಕಣೇ ನಾನು ದಿನಾ ಮಾತಾಡೋದು? ಇಷ್ಟಕ್ಕೆ ನಿಮಗೆಲ್ಲ ತಲೆನೋವು ಬರ್ತಿತ್ತಾ?"

"ಬೈಯೋದು ಇನ್ನೂ ಬಾಕಿ ಇದೆಯಲ್ಲ ಅತ್ತೆ," ಅಂದಳು ಸೊಸೆ.

ಅತ್ತೆ ನಕ್ಕರು. ನಕ್ಕದ್ದೂ ರೆಕಾರ್ಡಾಯಿತು. ಆಮೇಲೆ ಮೊಮ್ಮಗಳು ಪುಟ್ಟಿಗೆ ಕಥೆ ಹೇಳಿದರು. ಮಗನಿಗೆ, "ಹೆಲ್ಮೆಟ್ ಹಾಕ್ಕೊಂಡು ಹೋಗು," ಅಂದರು. ಮಗಳಿಗೆ, "ಬಂದ್ಯಾ ಮಗಳೇ, ಕೂತ್ಕೋ," ಅಂದರು. ಕಡೆಗೆ ಕೈ ಬಾಯಿಗೆ ಅಡ್ಡ ಹಿಡಿದು, ಮೈಕಿನ ಮುಂದೆ ಕೂತ ಹಾಗೆ, ಒಂದೊಂದಾಗಿ ಬಸ್ಸುಗಳನ್ನು ಕೂಗಿದರು. ದನಿ ಒಡೆದಿತ್ತು. ಆದರೂ ಹೊರಗೆ ಹಜಾರದಲ್ಲಿದ್ದ ಮಾವ ಪೇಪರು ಮಡಚಿ ಎದ್ದು ನಿಂತರೆಂದು ಪುಟ್ಟಿ ಆಮೇಲೆ ಹೇಳಿದಳು.

ರೆಕಾರ್ಡಾದದ್ದನ್ನೆಲ್ಲ ಮಾವ ಅಂದಂದೇ ಡಬ್ಬಿಗೆ ಇಳಿಸುತ್ತಿದ್ದರು. ರೆಕಾರ್ಡರು ಮುಂದಿನ ರೋಗಿಗೆ ಬೇಕಿತ್ತು. ಕೆಲಸ ಮುಗಿದೊಡನೆ ಅದರಲ್ಲಿದ್ದದ್ದನ್ನೆಲ್ಲ ಅಳಿಸಿ ವಾಪಸ್ ಕೊಟ್ಟರು. "ಬೇರೆ ಎಲ್ಲಾದ್ರೂ ಒಂದು ಪ್ರತಿ ಇಟ್ಟಿದೀರಾ ಸಾರ್?" ಎಂದು ಮೇಡಂ ಕೇಳಿದಳಂತೆ. "ಎರಡು ಡಬ್ಬಿ ಇಟ್ಟಿದೀನಮ್ಮಾ," ಎಂದು ಮಾವ ಮೀಸೆಯಡಿ ನಕ್ಕು ಬಂದರು.

ಈ ಎರಡು ಡಬ್ಬಿಯ ವಿಷಯ ಹೇಳಲೇಬೇಕು. ಉಗ್ರಾಣದ ಬಾಗಿಲ ಒಳಗಡೆಗೆ ಮಾವ ಒಂದು ಹಳೆಯ ಸಿನಿಮಾ ಪೋಸ್ಟರನ್ನು ಮಗುಚಿ ಅಂಟಿಸಿ, ಅದರ ಬೆನ್ನಿಗೆ ತಮ್ಮ ಪ್ಲಾನು ಬರೆದಿದ್ದರು. ಮೂರು ದುಂಡನೆಯ ಸೊನ್ನೆ, ನಡುವೆ ಬಾಣ. ಮೊದಲನೆಯ ಪ್ರತಿ ಡಬ್ಬಿಯಲ್ಲಿ, ಎರಡನೆಯದು ಇನ್ನೊಂದು ಡಬ್ಬಿಯಲ್ಲಿ, ಮೂರನೆಯದು ಬೇರೆ ಮನೆಯಲ್ಲಿ. ಮನೆಗೇ ಏನಾದರೂ ಆದರೆ ಅದು ಉಳಿಯಬೇಕು. ಇಂಥ ಬುದ್ಧಿವಂತ ಪ್ಲಾನು ಯಾವ ಮನೆಯಲ್ಲೂ ಇರಲಿಲ್ಲ. ಮೂರನೆಯ ಸೊನ್ನೆಯೊಳಗೆ ಮಾತ್ರ ಯಾವ ಮನೆ ಎಂದು ಬರೆದಿರಲಿಲ್ಲ.

ಯಾಕೆಂದರೆ ಬೇರೆ ಮನೆ ಅಂತ ಇದ್ದದ್ದು ಒಂದೇ, ಮಗಳದು. ಮಗಳ ಗಂಡ ಕಟ್ಟಡ ಕೆಡಹುವ ಯಂತ್ರದ ಡ್ರೈವರು. ಥಿಯೇಟರು ಮಾರಾಟವಾದ ಮೇಲೆ ಅದನ್ನು ಕೆಡವಲು ಕಂಪನಿಯವರು ಕಳಿಸಿದ ಯಂತ್ರದಲ್ಲಿ ಕೂತಿದ್ದವನು ಅವನೇ. ಅವನಾದರೂ ಏನು ಮಾಡಿಯಾನು, ಹೊಟ್ಟೆಪಾಡು. ಮಾವ ಅವತ್ತು ರಸ್ತೆಯಾಚೆ ನಿಂತು ನೋಡಿದರು. ಪರದೆಯಿದ್ದ ಗೋಡೆ ಮೊದಲು ಬಿತ್ತು. ಅಲ್ಲಿಂದೀಚೆಗೆ ಮಗಳ ಮನೆ ಹೊಸ್ತಿಲು ಅವರು ತುಳಿದಿರಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಅತ್ತೆ ಅದನ್ನು ಎತ್ತಿದರು. "ರೀ, ನನ್ನ ಮಾತಿಂದು ಒಂದು ಪ್ರತಿ ಮಗಳ ಮನೇಲಿರಲಿ. ನಿಮ್ಮ ಪ್ಲಾನಲ್ಲೇ ಬರೆದಿದೆಯಲ್ಲ."

"ಪರದೆ ಕೆಡವಿದವನ ಮನೆಗೆ ನನ್ನ ಮನೆಯಿಂದ ಒಂದು ಕಡ್ಡೀನೂ ಹೋಗಲ್ಲ."

"ಹೋಗೋದು ಕಡ್ಡಿಯಲ್ಲ, ನನ್ನ ದನಿ. ಅವಳೇನು ನಿಮಗೆ ಮಾತ್ರ ಮಗಳಾ?"

"ಎರಡು ಡಬ್ಬಿ ಇದೆ. ಪಕ್ಕಪಕ್ಕದಲ್ಲೇ ಇದೆ. ಒಂದು ಹೋದ್ರೆ ಇನ್ನೊಂದು." ಮಾವ ಬೇಳೆ ಕಲೆಸಿಕೊಂಡರು. "ಬೂತಿನಲ್ಲಿ ಯಾವತ್ತೂ ಎರಡು ಪ್ರೊಜೆಕ್ಟರು. ಇದು ಓಡ್ತಿರುವಾಗ ಅದು ಪಕ್ಕದಲ್ಲೇ ತಯಾರಾಗಿ ನಿಂತಿರಬೇಕು. ಒಂದೇ ಒಂದು ದಿನ ಜನ ಕತ್ತಲಲ್ಲಿ ಕೂತು ಶಿಳ್ಳೆ ಹೊಡೆದಿಲ್ಲ, ಕೇಳಿ ನೋಡು."

ಮಗ ಲಿಫ್ಟ್ ಮೆಕ್ಯಾನಿಕ್ಕು, ಮಾತು ಕಮ್ಮಿ. ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಲಿಫ್ಟಿಗೆ ನಾಲ್ಕೈದು ಹಗ್ಗ ಇರುತ್ತೆ ಅಪ್ಪಾ. ಆದ್ರೂ ಬ್ರೇಕು ಬೇರೆ ಇಡ್ತೀವಿ. ಹಗ್ಗ ಕಿತ್ತರೂ ಅದು ತಾನೇ ಹಿಡೀಬೇಕು, ಹಗ್ಗ ಹೇಳಿದ ಹಾಗೆ ಕೇಳಬಾರದು."

"ನೀನು ನಿನ್ನ ಲಿಫ್ಟ್ ನೋಡ್ಕೋ," ಎಂದರು ಮಾವ.

ಎರಡನೆಯ ಡಬ್ಬಿ ತಂದಾಗ ಅವರು ಕಂಪ್ಯೂಟರ್ ಅಂಗಡಿಯವನನ್ನು ಮನೆಗೇ ಕರೆಸಿದ್ದರು. ಎರಡೂ ಯಾವಾಗಲೂ ಒಂದೇ ಥರ ಇರಬೇಕು, ಇದಕ್ಕೆ ಹಾಕಿದ್ದು ಅದಕ್ಕೂ, ಅದಕ್ಕೆ ಹಾಕಿದ್ದು ಇದಕ್ಕೂ ಹೋಗಬೇಕು ಎಂದು ಎರಡೆರಡು ಸಲ ಹೇಳಿ ಮಾಡಿಸಿದ್ದರು. ಅಂಗಡಿಯವನು ಹೇಳಿದಂತೆಯೇ ಮಾಡಿಕೊಟ್ಟು ಹೋಗಿದ್ದ.

ಮಾರನೆಯ ದಿನ ಸೊಸೆ ಅಂಗಡಿಗೆ ಹೊರಡುವಾಗ ಅತ್ತೆ ಬಾಗಿಲ ಬಳಿ ಅವಳ ಕೈಗೆ ದುಡ್ಡು ಮಡಚಿ ಇಟ್ಟರು. "ಒಂದು ಪೆನ್‌ಡ್ರೈವ್ ತಗೊಂಡು ಬಾ. ಅವರು ಮಲಗಿದಾಗ ನನ್ನ ರೆಕಾರ್ಡಿಂಗ್ ಎಲ್ಲ ಅದಕ್ಕೆ ಹಾಕಿ ನಿನ್ನ ನಾದಿನಿಗೆ ಮುಟ್ಟಿಸು. ಇವರಿಗೆ ಹೇಳಬೇಡ."

"ಆಯ್ತತ್ತೆ. ನಾಳೇನೇ ಮಾಡ್ತೀನಿ."

ಪೆನ್‌ಡ್ರೈವ್ ತಂದದ್ದೂ ಆಯಿತು. ಆ ಮಧ್ಯಾಹ್ನ ಒಲೆಯ ಮೇಲೆ ಅನ್ನಕ್ಕಿಟ್ಟು ಬಟ್ಟೆ ಒಣಗಿಸಲು ಮಹಡಿಗೆ ಹೋದ ಸೊಸೆ, ಪಕ್ಕದ ಮನೆಯವಳ ಜೊತೆ ಮಾತಿಗೆ ನಿಂತಳು. ಅನ್ನ ಮುದ್ದೆಯಾಯಿತು. ಅತ್ತೆಗೆ ಆಗಲೇ ನುಂಗುವುದು ಕಷ್ಟ. ಅಂಥದರಲ್ಲೂ ತಟ್ಟೆ ನೋಡಿ ಸಿಡಿದರು. ಈಚೀಚೆಗೆ ಅವರು ಎಲ್ಲದಕ್ಕೂ ಸಿಡಿಯುತ್ತಿದ್ದರು. ಸೊಸೆ ಗಂಡನಿಗೆ ದೂರಿದರೆ ಅವನದು ಒಂದೇ ಉತ್ತರ: "ಅಮ್ಮ ಹಾಗೆಲ್ಲ ಅನ್ನಲ್ಲ, ನೀನು ಒಂದಕ್ಕೆ ಎರಡು ಸೇರಿಸ್ತೀಯ." ಇವತ್ತು ಅವನಿಗೇ ಕೇಳಿಸಿಬಿಡುತ್ತೇನೆ ಎಂದು ಸೊಸೆ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ, ಉಪ್ಪಿನ ಭರಣಿಗೆ ಒರಗಿಸಿ ನಿಲ್ಲಿಸಿದಳು.

"ಇದು ಅನ್ನಾನಾ, ಪೋಸ್ಟರ್ ಅಂಟಿಸೋ ಗೋಂದಾ?"

"ನಿಮ್ಮ ಗಂಟಲಿಗೆ ಮೆತ್ತಗಿರಲಿ ಅಂತ ಹಾಗೆ ಮಾಡ್ದೆ ಅತ್ತೆ."

"ನನ್ನ ಗಂಟಲು ಅಡ್ಡ ಇಟ್ಕೊಂಡು ನಿನ್ನ ತಪ್ಪು ಮುಚ್ಕೋಬೇಡ. ಮಹಡಿ ಮೇಲೆ ಹಲ್ಲು ಕಿರೀತಾ ನಿಂತಿದ್ದು ನನಗೆ ಕಾಣಲಿಲ್ವಾ? ಬಾಗಿಲು ಹಾಕು ಮೊದಲು, ಬೆಕ್ಕು ಬರುತ್ತೆ. ಅಡ್ಡ ನಿಲ್ಲಬೇಡ, ಜರುಗು."

"ಒಂದು ದಿನ ಹೆಚ್ಚುಕಮ್ಮಿ ಆದ್ರೆ ಇಷ್ಟೊಂದಾ? ದುಡಿದು ಬಂದು ಬೇಯಿಸ್ತೀನಿ."

"ಬೇಯಿಸ್ತೀಯ, ಹೌದು. ನನ್ನೇ ಬೇಯಿಸ್ತೀಯ. ನಾನು ಸುಮ್ಮನಾದ್ಮೇಲೆ ಈ ಮನೆ ತಣ್ಣಗಾಗುತ್ತೆ ನಿನಗೆ, ಅಲ್ವಾ?"

"ಹೌದತ್ತೆ. ಯಾವಾಗ ಆಗುತ್ತೋ ಅಂತ ಕಾಯ್ತಿದ್ದೀನಿ."

ಅಂದದ್ದು ತಾನೇ ಎಂದು ಸೊಸೆಗೆ ಒಂದು ಗಳಿಗೆ ನಂಬಿಕೆಯಾಗಲಿಲ್ಲ. ಅತ್ತೆ ತುತ್ತು ಕೈಯಲ್ಲಿ ಹಿಡಿದು ಕೂತೇ ಇದ್ದರು. ಆಮೇಲೆ ಅದೇ ಮುದ್ದೆ ಅನ್ನವನ್ನು ಸ್ವಲ್ಪ ಸ್ವಲ್ಪವಾಗಿ ನುಂಗಿ, ತಟ್ಟೆ ತಾವೇ ತೊಳೆದಿಟ್ಟು ಕೋಣೆಗೆ ಹೋದರು.

ಆಡಿದ ಮಾತು, ಒಡೆದ ಮುತ್ತು ಎರಡೂ ಕೂಡುವುದಿಲ್ಲ ಅನ್ನುತ್ತಾರೆ. ಸೊಸೆ ಆ ರೆಕಾರ್ಡಿಂಗನ್ನು ಗಂಡನಿಗೆ ಕೇಳಿಸಲಿಲ್ಲ. ಕೇಳಿಸಿದರೆ ತನ್ನ ಮಾತೂ ಕೇಳಿಸುತ್ತದಲ್ಲ. ಅಳಿಸಿಬಿಡೋಣ ಎಂದುಕೊಂಡಳು, ಮುಂದೆ ಯಾವಾಗಲಾದರೂ ಬೇಕಾದೀತು ಎಂದು ಇಟ್ಟುಕೊಂಡಳು. ಪೆನ್‌ಡ್ರೈವ್ ಅವಳ ಚೀಲದ ಜೇಬಿನಲ್ಲೇ ಉಳಿಯಿತು. ಇವರ ಕೆಲಸ ನಾನೇ ಯಾಕೆ ಮಾಡಬೇಕು, ಇವತ್ತು ಬೇಡ, ನಾಳೆ ನೋಡೋಣ. ಅತ್ತೆಯೂ ಮತ್ತೆ ಕೇಳಲಿಲ್ಲ. ಕೇಳಿದರೆ ಸೋತ ಹಾಗೆ ಎಂದುಕೊಂಡರೋ, ಆಗಿಹೋಗಿದೆ ಎಂದೇ ನಂಬಿದ್ದರೋ, ದೇವರೇ ಬಲ್ಲ. ಅಷ್ಟರಲ್ಲಿ ಆಪರೇಷನ್ ದಿನ ಬಂತು.

ಅತ್ತೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಸೊಸೆ ಅಲ್ಲಿಗೂ ಮನೆಗೂ ಅಂಗಡಿಗೂ ಮೂರು ಮೂಲೆ ಓಡಿದಳು. ನಾದಿನಿ ಹಗಲು ಆಸ್ಪತ್ರೆಯಲ್ಲಿರುತ್ತಿದ್ದಳು. ಮಾವ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಮಾವ ಹೆಂಡತಿಯ ಕಾಲ ಬಳಿ ಸ್ವಲ್ಪ ಹೊತ್ತು ಕೂತು, ಕುತ್ತಿಗೆಯ ಪಟ್ಟಿ ನೋಡಲಾರದೆ ಮನೆಗೆ ಬಂದುಬಿಡುತ್ತಿದ್ದರು. ಬಂದವರು ಉಗ್ರಾಣ ಸೇರುತ್ತಿದ್ದರು. ಅವರ ಜೊತೆ ಬೂತಿನಲ್ಲಿದ್ದ ಹಳೆಯ ಗೆಳೆಯನೊಬ್ಬ ತೀರಿಕೊಂಡಿದ್ದ. ಅವನ ಹೆಂಡತಿ ಎರಡು ಗೋಣಿಚೀಲದ ತುಂಬ ಸಿನಿಮಾ ಸಿ.ಡಿ. ಕಳಿಸಿದ್ದಳು. ಅವನ್ನು ಒಂದೊಂದಾಗಿ ಡಬ್ಬಿಗೆ ಇಳಿಸುತ್ತಾ ಕೂತಿರುತ್ತಿದ್ದರು. ಸೊಸೆ ಚಹಾ ಇಟ್ಟು ಹೋಗುತ್ತಿದ್ದಳು, ಅದು ಕೆನೆಗಟ್ಟಿ ತಣ್ಣಗಾಗುತ್ತಿತ್ತು. ಪಾಪ, ಮನಸ್ಸಿಗೆ ಒಂದು ಕೆಲಸ ಬೇಕಲ್ಲ ಎಂದು ಅವಳೂ ಸುಮ್ಮನಿದ್ದಳು.

ಅತ್ತೆ ಮನೆಗೆ ಬಂದರು. ಕುತ್ತಿಗೆಯಲ್ಲಿ ಉಸಿರಿಗೊಂದು ತೂತು, ಕೈಯಲ್ಲಿ ಪುಟ್ಟಿಯ ಸ್ಲೇಟು. ಮನೆ ನಿಜವಾಗಲೂ ತಣ್ಣಗಾಯಿತು. ಪಾತ್ರೆ ಬಿದ್ದರೂ ಬೈಯುವವರಿಲ್ಲ, ಬಾಗಿಲು ತೆಗೆದಿದ್ದರೂ ಕೇಳುವವರಿಲ್ಲ. ಬೆಕ್ಕು ಎರಡು ಸಲ ಹಾಲಿಗೆ ಬಾಯಿ ಹಾಕಿತು. ಸೊಸೆಗೆ ತನ್ನ ಬಳೆ ಸದ್ದೇ ಕಿವಿಗೆ ಬಡಿಯುತ್ತಿತ್ತು. ಅತ್ತೆ ಸ್ಲೇಟಿನಲ್ಲಿ, "ಟ್ಯಾಬ್ ಯಾವಾಗ?" ಎಂದು ಬರೆದು ದಿನವೂ ತೋರಿಸುತ್ತಿದ್ದರು. ಗಾಯ ಮಾಗಲಿ ಅತ್ತೆ, ಇನ್ನು ಸ್ವಲ್ಪ ದಿನ, ಎಂದು ಸೊಸೆ ಗಂಜಿ ಕಲಕುತ್ತಿದ್ದಳು.

ಗಾಯ ಮಾಗಿತು. ಸ್ಪೀಚ್ ಮೇಡಂ ಟ್ಯಾಬು ಹಿಡಿದು ಮನೆಗೇ ಬಂದಳು. ಅತ್ತೆ ಹೊಸ ಸೀರೆ ಉಟ್ಟಿದ್ದರು. ನಾದಿನಿಯನ್ನೂ ಅವರೇ ಬರೆದು ಕರೆಸಿದ್ದರು. ಅಪ್ಪನ ಕಣ್ಣಿಗೆ ಬೀಳದಂತೆ ಅವಳು ಅಡುಗೆಮನೆಯಲ್ಲಿ ನಿಂತಿದ್ದಳು. ಮಾವ ಕನ್ನಡಕ ಒರೆಸಿ ಕಂಪ್ಯೂಟರಿನ ಮುಂದೆ ಕೂತರು. ಒಂದು ಡಬ್ಬಿ ತೆರೆದರು. ಇನ್ನೊಂದು ತೆರೆದರು. ಮತ್ತೆ ಮೊದಲನೆಯದು. ಅತ್ತೆ ಪರದೆ ನೋಡುತ್ತಿರಲಿಲ್ಲ, ಗಂಡನ ಮುಖ ನೋಡುತ್ತಿದ್ದರು. ಅವರಿಗೆ ಎಲ್ಲರಿಗಿಂತ ಮೊದಲೇ ತಿಳಿಯಿತು.

"ಇದರಲ್ಲಿ ಇರ್ಲೇಬೇಕು," ಎಂದರು ಮಾವ. "ನಾನು ತೆಗೆದದ್ದು ಎರಡನೇದರಿಂದ ಮಾತ್ರ."

"ತೆಗೆದದ್ದಾ?" ಮಗ ಹತ್ತಿರ ಬಂದ. "ಏನು ತೆಗೆದ್ರಿ ಅಪ್ಪಾ?"

"ಜಾಗ ಸಾಲ್ತಿರ್ಲಿಲ್ಲ, ಹೊಸ ಡಿಸ್ಕಿಗೆ ದುಡ್ಡು ಕೊಡೋಳು ಆಸ್ಪತ್ರೇಲಿದ್ಲು. ತೀರಿಕೊಂಡ ಗೆಳೆಯನ ಸಿನಿಮಾಗಳು ಇನ್ನೂ ಒಂದು ಚೀಲ ಉಳಿದಿತ್ತು. ಇವಳದು ಇದರಲ್ಲಿದೆಯಲ್ಲ, ಅದರಲ್ಲಿರೋದು ತೆಗೆದ್ರೆ ಆಯ್ತು ಅಂತ... ರೀಲು ಈ ಮೆಷಿನ್ನಿಗೆ ಬಂದಮೇಲೆ ಆ ಮೆಷಿನ್ನು ಖಾಲಿ ಮಾಡ್ತೀವಲ್ಲ. ಹಾಗೆ."

"ಅದರಿಂದ ತೆಗೆದ್ರೆ ಇದರಿಂದಲೂ ಹೋಗುತ್ತೆ ಅಪ್ಪಾ. ನೀವೇ ಹಾಗೆ ಮಾಡ್ಸಿದ್ದು."

ಅಡುಗೆಮನೆಯಿಂದ ನಾದಿನಿ ಹೊರಗೆ ಬಂದಳು. "ಒಂದು ಪ್ರತಿ ನನಗೆ ಕೊಡಿ ಅಂತ ಅಮ್ಮ ಎಷ್ಟು ಸಲ ಹೇಳಿದ್ಲು. ಕೊಡಲಿಲ್ಲ. ಒಂದು ಗೋಡೆಗೋಸ್ಕರ." ಅವಳ ದನಿ ಏರಲಿಲ್ಲ, ಅದನ್ನೇ ಕೇಳಿ ತಡೆದುಕೊಳ್ಳಲಾಗುತ್ತಿರಲಿಲ್ಲ. "ಅವರು ಕೆಡವಿದ್ದು ಕಲ್ಲು ಮಣ್ಣು ಅಪ್ಪಾ. ನೀವು ಏನು ಕೆಡವಿದ್ರಿ ನೋಡಿ."

ಆಗ ಅತ್ತೆ ಸೊಸೆಯ ಕಡೆ ತಿರುಗಿದರು. ಸ್ಲೇಟು ಎತ್ತಲಿಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ಪೆನ್‌ಡ್ರೈವಿನ ಉದ್ದ ತೋರಿಸಿದರು. ಆ ಕಣ್ಣಿನಲ್ಲಿ ಆಸೆಯಿತ್ತು. ಅಷ್ಟು ಆಸೆ ಇಟ್ಟುಕೊಂಡು ಯಾರೂ ತನ್ನನ್ನು ಹಿಂದೆಂದೂ ನೋಡಿರಲಿಲ್ಲ ಎಂದು ಸೊಸೆಗೆ ಅನ್ನಿಸಿತು. ಅವಳು ಒಳಗೆ ಹೋಗಿ ಚೀಲ ತಂದಳು, ಜೇಬಿನಿಂದ ತೆಗೆದು ಅತ್ತೆಯ ಅಂಗೈ ಮೇಲಿಟ್ಟಳು. ಪೆನ್‌ಡ್ರೈವಿನ ಪ್ಲಾಸ್ಟಿಕ್ ಕವರು ಇನ್ನೂ ಹರಿದಿರಲಿಲ್ಲ.

ಅಂಗಡಿಯವನು ಬಂದು ನೋಡಿದ. "ಎರಡೂ ಒಂದೇ ಥರ ಇರಬೇಕು ಅಂದ್ರಲ್ಲ ಸಾರ್, ಒಂದೇ ಥರ ಇವೆ," ಎಂದ. ಬರೀ ಅಳಿಸಿದ್ದಾದರೆ ಹುಡುಕಬಹುದಿತ್ತು, ಆ ಜಾಗದ ಮೇಲೆ ಇಷ್ಟೊಂದು ಸಿನಿಮಾ ತುಂಬಿಸಿದ್ದೀರಿ, ಒರೆಸಿದ ಹಲಗೆಯ ಮೇಲೆ ಬರೆದಂತಾಗಿದೆ ಎಂದು ಹೇಳಿ, ಚಹಾ ಕುಡಿಯದೆ ಹೋದ. ಮಗ ದೊಡ್ಡ ಪೇಟೆಯ ಇನ್ನೊಂದು ಅಂಗಡಿಗೆ ಡಿಸ್ಕುಗಳನ್ನೇ ಹೊತ್ತೊಯ್ದ. ಅಲ್ಲೂ ಅದೇ ಮಾತು. ಬಸ್ ನಿಲ್ದಾಣಕ್ಕೆ ಹೋಗಿ ಕೇಳಿದರೆ, ಮೈಕಮ್ಮ ಕೂಗುತ್ತಿದ್ದದ್ದು ಆಗಿಂದಾಗಲೇ ಗಾಳಿಗೆ ಹೋಗಿಬಿಡುತ್ತಿತ್ತು, ರೆಕಾರ್ಡು ಯಾರು ಮಾಡುತ್ತಿದ್ದರು ಎಂದರು. ಮದುವೆಯ ವಿಡಿಯೋ ಹಾಕಿ ನೋಡಿದರು. ಅದರಲ್ಲಿ ಅತ್ತೆ ಇಡೀ ಮದುವೆ ಬಾಯಿ ಆಡಿಸುತ್ತಾ ಓಡಾಡುತ್ತಿದ್ದರು, ಆದರೆ ವಿಡಿಯೋದವನು ಮೊದಲಿನಿಂದ ಕೊನೆಯವರೆಗೆ ವಾದ್ಯಸಂಗೀತ ತುಂಬಿದ್ದ. ಫೋನಿನಲ್ಲಿ ದನಿ ಕಳಿಸುವ ಅಭ್ಯಾಸ ಅತ್ತೆಗೆ ಇರಲೇ ಇಲ್ಲ. "ಹೇಳೋದಿದ್ರೆ ಎದುರಿಗೆ ಬಂದು ಹೇಳು," ಅನ್ನುವ ಜೀವ ಅದು.

ಅತ್ತೆ ಸ್ಲೇಟು ಹಿಡಿಯುವುದನ್ನೂ ಬಿಟ್ಟರು. ಗಂಜಿ ಕೊಟ್ಟರೆ ಕುಡಿದರು, ಕೊಡದಿದ್ದರೆ ಇಲ್ಲ. ಮೇಡಂ ಬಿಟ್ಟುಹೋದ ಟ್ಯಾಬಿನಲ್ಲಿ ಕಂಪ್ಯೂಟರ್ ದನಿ ತುಂಬಿತ್ತು. ಪುಟ್ಟಿ ಒಂದು ಸಲ ಲೋಟದ ಚಿತ್ರ ಮುಟ್ಟಿದಾಗ, "ನನಗೆ ನೀರು ಬೇಕು," ಎಂದಿತು. ಅತ್ತೆ ಎದ್ದು ಟ್ಯಾಬನ್ನು ಮಗುಚಿ ಇಟ್ಟರು. ಮಾವ ಉಗ್ರಾಣದ ಕಡೆ ಹೋಗಲಿಲ್ಲ. ಹಜಾರದ ಕುರ್ಚಿಯಲ್ಲಿ ಕೂತು ಗೋಡೆ ನೋಡುತ್ತಿದ್ದರು. ಗಂಡಹೆಂಡಿರ ನಡುವೆ ಈಗ ಸನ್ನೆಯೂ ಇರಲಿಲ್ಲ.

ಸೊಸೆಯ ಫೋನಿನಲ್ಲಿ ಮಾತ್ರ ಅತ್ತೆ ಇನ್ನೂ ಮಾತಾಡುತ್ತಿದ್ದರು. ಅಂಗಡಿಯ ಹಿಂಬದಿ, ಔಷಧಿ ರಟ್ಟಿನ ಡಬ್ಬಗಳ ನಡುವೆ ನಿಂತು ಅವಳು ಅದನ್ನು ಕಿವಿಗೆ ಹಚ್ಚಿ ಕೇಳಿದಳು. ದನಿ ಸ್ವಚ್ಛವಾಗಿತ್ತು. ಉಪ್ಪಿನ ಭರಣಿ ಹತ್ತಿರದಲ್ಲೇ ಇತ್ತಲ್ಲ. ಕೊನೆಯ ಮಾತು ಕತ್ತರಿಸಿ ಕೊಟ್ಟರೆ ಹೇಗೆ ಎಂದು ನೋಡಿದಳು. ಅತ್ತೆಯ "ಅಲ್ವಾ" ಮುಗಿಯುವ ಮೊದಲೇ ಅವಳ "ಹೌದತ್ತೆ" ಮೇಲೆ ಬಿದ್ದಿತ್ತು. ಕತ್ತರಿಸಿದರೆ ಅತ್ತೆಯ ಮಾತೇ ತುಂಡಾಗುತ್ತಿತ್ತು. ಒಂದು ವಾರ ಆ ಫೋನು ಹೊತ್ತುಕೊಂಡು ಓಡಾಡಿದಳು. ಊಟ ಸೇರಲಿಲ್ಲ. ಗಿರಾಕಿಯೊಬ್ಬನಿಗೆ ತಪ್ಪು ಮಾತ್ರೆ ಕೊಡಲು ಹೋಗಿ ಮಾಲೀಕನಿಂದ ಬೈಸಿಕೊಂಡಳು.

ಭಾನುವಾರ ನಾದಿನಿ ತಾಯಿಗೆ ಗಂಜಿ ಕುಡಿಸಲು ಬಂದಿದ್ದಳು. ಎಲ್ಲರೂ ಊಟಕ್ಕೆ ಕೂತಿದ್ದರು. ಸೊಸೆ ಬಡಿಸುವುದನ್ನು ನಿಲ್ಲಿಸಿ ಕೈ ಒರೆಸಿಕೊಂಡಳು.

"ಅತ್ತೆ, ನಿಮ್ಮ ದನಿ ನನ್ನ ಹತ್ರ ಒಂದಿದೆ. ಸ್ವಲ್ಪವೇ. ಒಳ್ಳೆ ಮಾತಲ್ಲ."

ಗಂಡ ತಲೆ ಎತ್ತಿದ. "ಎಲ್ಲಿಂದ ಬಂತು?"

"ಕದ್ದು ರೆಕಾರ್ಡ್ ಮಾಡಿದ್ದೆ. ನಿಮಗೆ ಕೇಳಿಸೋಣ ಅಂತ." ಅವಳು ಫೋನು ಮೇಜಿನ ನಡುವೆ ಇಟ್ಟು ಒತ್ತಿದಳು.

ಇದು ಅನ್ನಾನಾ, ಪೋಸ್ಟರ್ ಅಂಟಿಸೋ ಗೋಂದಾ?

ಪುಟ್ಟಿ, "ಅಜ್ಜಿ," ಎಂದು ಕೂಗಿ ಎದ್ದು ನಿಂತಳು. ಮಾವನ ಕೈಯಿಂದ ತುತ್ತು ತಟ್ಟೆಗೆ ಬಿತ್ತು. ಮಾತು ಮುಂದುವರಿಯಿತು, ಬಾಗಿಲು, ಬೆಕ್ಕು, ಜರುಗು. ಆಮೇಲೆ ಅತ್ತೆಯ ಆ ಪ್ರಶ್ನೆ, ಅದರ ಬಾಲ ಹಿಡಿದು ಸೊಸೆಯ ಉತ್ತರ. ರೆಕಾರ್ಡಿಂಗ್ ಮುಗಿಯಿತು. ಗಂಡ ಹೆಂಡತಿಯನ್ನು ನೋಡಿದ, ಗುರುತು ಸಿಗದವಳನ್ನು ನೋಡುವ ಹಾಗೆ. "ಹೀಗಂದ್ಯಾ ನೀನು? ಆಪರೇಷನ್ನಿಗೆ ಮುಂಚೆ?"

"ಅಂದೆ."

ನಾದಿನಿ, "ಥೂ," ಎಂದು ಮುಖ ತಿರುಗಿಸಿದಳು. ಸೊಸೆ ನಿಂತೇ ಇದ್ದಳು. ಅತ್ತೆ ಫೋನು ಎತ್ತಿಕೊಂಡು, ತಾವೇ ಒತ್ತಿ, ಇನ್ನೊಂದು ಸಲ ಪೂರ್ತಿ ಕೇಳಿದರು. ಮತ್ತೊಂದು ಸಲ ಕೇಳುವಾಗ ಅವರ ತುಟಿಗಳೂ ಜೊತೆಗೆ ಆಡುತ್ತಿದ್ದವು.

ಮಾವ ಎದ್ದರು. ಕೈ ತೊಳೆದು ಬಂದು ಸೊಸೆಯ ಮುಂದೆ ಕೈಚಾಚಿದರು. "ಫೋನು ಕೊಡಮ್ಮಾ. ವೈರು ಎಲ್ಲಿದೆ?" ಎಷ್ಟೋ ದಿನದ ಮೇಲೆ ಉಗ್ರಾಣದ ದೀಪ ಹತ್ತಿತು. ಮೊದಲನೆಯ ಡಬ್ಬಿಗೆ ಹಾಕಿದರು. ಎರಡನೆಯದರ ನಂಟು ಬಿಡಿಸಿ, ಅದಕ್ಕೆ ಬೇರೆಯಾಗಿ ಹಾಕಿದರು. ಹೊಸ ಪೆನ್‌ಡ್ರೈವಿನ ಕವರು ಹಲ್ಲಿನಿಂದ ಹರಿದು ಅದಕ್ಕೂ ಹಾಕಿದರು. 'ಅಡ್ಡ ನಿಲ್ಲಬೇಡ, ಜರುಗು' ಅನ್ನುವ ಜಗಳವೊಂದಕ್ಕೆ ಇಡೀ ಪ್ಲಾನು ಕಡೆಗೂ ಪೂರ್ತಿಯಾಗಿ ನಡೆಯಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆದರೆ ಆ ಹೊತ್ತಿನಲ್ಲಿ ಅದನ್ನು ಆಡಿತೋರಿಸುವ ಮನಸ್ಸು ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮಾವ ಅಂಗಿ ಹಾಕಿಕೊಂಡು ಚಪ್ಪಲಿ ಮೆಟ್ಟಿದರು.

"ನಾನೇ ತಗೊಂಡು ಹೋಗ್ತೀನಿ ಅಪ್ಪಾ," ಎಂದಳು ಮಗಳು.

"ಬೇಡ. ನಿನ್ನ ಗಂಡ ಮನೇಲಿದಾನಾ?"

"ಇದಾರೆ."

"ಅವನ ಕೈಗೇ ಕೊಡ್ಬೇಕು," ಎಂದು ಮಾವ ಹೊರಟರು. ಮಗಳು ಹಿಂದೆ ಹೋದಳು.

ಸ್ಪೀಚ್ ಮೇಡಂ ಆ ಜಗಳವನ್ನು ತುಂಡು ತುಂಡು ಮಾಡಿ ಟ್ಯಾಬಿನಲ್ಲಿ ಕೂರಿಸಿಕೊಟ್ಟಳು. ಆರೇಳು ಚಿತ್ರ, ಅಷ್ಟೇ. ಕೊನೆಯದಕ್ಕೆ ಬಂದಾಗ ಅವಳು ಕೈ ತಡೆದು, "ಇದು ಬೇಡ ಅಲ್ವಾ ಅಮ್ಮಾ? ಇದರಲ್ಲಿ ಇನ್ನೊಬ್ಬರ ದನಿ ಸೇರ್ಕೊಂಡಿದೆ," ಎಂದಳು. ಅತ್ತೆ ಸ್ಲೇಟಿನಲ್ಲಿ ಬರೆದರು: "ಇರಲಿ." ಮೇಡಂ ಸೊಸೆಯನ್ನು ನೋಡಿದಳು. ಸೊಸೆ ತಲೆಯಾಡಿಸಿದಳು. ಬೇಡ ಅನ್ನಲು ಅವಳಿಗೆ ಬಾಯಿ ಎಲ್ಲಿತ್ತು?

ಈಗ ಆ ಮನೆಯಲ್ಲಿ ಅತ್ತೆಗೆ ಹಸಿವಾದರೆ, 'ಇದು ಅನ್ನಾನಾ' ಎನ್ನುತ್ತದೆ ಟ್ಯಾಬು. ಚಳಿಯಾದರೆ, 'ಬಾಗಿಲು ಹಾಕು ಮೊದಲು, ಬೆಕ್ಕು ಬರುತ್ತೆ' ಎನ್ನುತ್ತದೆ. ಪುಟ್ಟಿ ಮುದ್ದಿಗೆ ಬಂದು ತಬ್ಬಿಕೊಂಡರೂ, 'ಅಡ್ಡ ನಿಲ್ಲಬೇಡ, ಜರುಗು.' ಪುಟ್ಟಿ ಜರುಗುವುದಿಲ್ಲ. ಕಥೆ ಇಲ್ಲ, ಹೆಲ್ಮೆಟ್ ಇಲ್ಲ, ಬಸ್ಸುಗಳ ಹೆಸರಿಲ್ಲ. ಮಗಳು ಬಂದರೆ, ಬಂದ್ಯಾ ಕೂತ್ಕೋ ಅನ್ನುವುದಕ್ಕೆ ಏನೂ ಇಲ್ಲ, ಕೈ ಹಿಡಿದು ಕೂರಿಸಿಕೊಳ್ಳುತ್ತಾರೆ. ಮಾವ ದೂರದಲ್ಲಿ ಕೂತು ಕೇಳುತ್ತಾರೆ. ಡಿಸ್ಕು ಕೊಳ್ಳುವ ಮಾತು ಮತ್ತೆ ಬರಲಿಲ್ಲ.

ಸೊಸೆಯನ್ನು ಕರೆಯಬೇಕಾದಾಗ ಅತ್ತೆ ಒತ್ತುವುದು ಕೊನೆಯ ಚಿತ್ರವನ್ನು. ಅವಳನ್ನು ಕರೆಯಲು ಬೇರೆ ಚಿತ್ರವಿಲ್ಲ. ದಿನಕ್ಕೆ ಹತ್ತಾರು ಸಲ, ಸ್ನಾನಕ್ಕೆ, ಮಾತ್ರೆಗೆ, ಉಸಿರಿನ ತೂತು ಒರೆಸುವುದಕ್ಕೆ.

ನಾನು ಸುಮ್ಮನಾದ್ಮೇಲೆ ಈ ಮನೆ ತಣ್ಣಗಾಗುತ್ತೆ ನಿನಗೆ, ಅಲ್ವಾ?

ಹೌದತ್ತೆ. ಯಾವಾಗ ಆಗುತ್ತೋ ಅಂತ ಕಾಯ್ತಿದ್ದೀನಿ.

"ಬಂದೆ ಅತ್ತೆ," ಎಂದು ಸೊಸೆ ಅಡುಗೆಮನೆಯಿಂದ ಕೂಗುತ್ತಾಳೆ. ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಹೋಗುತ್ತಾಳೆ.